ಕೈಗೆ ತಾಗಿದ ಗೋಲು

ಪೊಟ್ಟಣನ ಕಷ್ಟವೆಲ್ಲ ಶುರುವಾದದ್ದು ಬುಕಿಂಗ್ ಗುಮಾಸ್ತನ ಕಾಲಿನ ಹೆಬ್ಬೆರಳಿನಿಂದ. ಶನಿವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ, ಯಾರೋ ಯಾರಿಗೋ ಕಳಿಸಿದ ಹೊಲಿಗೆ ಯಂತ್ರವೊಂದು ಮೇಜಿನಿಂದ ಜಾರಿ ಸೀದಾ ಆ ಬೆರಳಿನ ಮೇಲೆ ಕೂತಿತು. ಹೊಲಿಗೆ ಯಂತ್ರಕ್ಕೆ ಏನೂ ಆಗಲಿಲ್ಲ. ಬೆರಳು ಮಾತ್ರ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಂದು ಮಧ್ಯಾಹ್ನ ಎರಡಕ್ಕೆ ಮ್ಯಾಚು. ಆರು ಜನರ ತಂಡದಲ್ಲಿ ಒಬ್ಬ ಕಡಿಮೆಯಾದ.

ಅದು ಪಾರ್ಸಲ್ ಸಾಗಿಸುವ ಕಂಪನಿಯೊಂದರ ಶಾಖೆ. ಮುಂದೆ ಕೌಂಟರು, ಹಿಂದೆ ಗೋದಾಮು, ಪಕ್ಕದಲ್ಲಿ ವ್ಯಾನು ಬಂದು ನಿಲ್ಲುವ ಕಾಂಕ್ರೀಟಿನ ಅಂಗಳ. ವರ್ಷಕ್ಕೆರಡು ಸಲ, ಐದು ಗಂಟೆಯ ದಾರಿಯಾಚೆ ಇರುವ ಇನ್ನೊಂದು ಶಾಖೆಯವರು ಬಂದು ಈ ಅಂಗಳದಲ್ಲಿ ಫುಟ್‌ಬಾಲ್ ಆಡುವುದು ವಾಡಿಕೆ. ಇಲ್ಲಿಯ ಮ್ಯಾನೇಜರಿಗೆ ಕಂಪನಿಯ ಲಾಭ ನಷ್ಟ ಅಷ್ಟಾಗಿ ತಲೆಗೆ ಹತ್ತುತ್ತಿರಲಿಲ್ಲ. ಹಿಂದಿನ ಐದು ಮ್ಯಾಚು ಸಾಲಾಗಿ ಸೋತದ್ದು ಮಾತ್ರ ಅವರ ನಿದ್ದೆ ಕೆಡಿಸಿತ್ತು.

ಪೊಟ್ಟಣ ಎನ್ನುವುದು ಅಡ್ಡಹೆಸರು. ಕುಳ್ಳಗೆ, ಗುಂಡಗೆ, ನಡುವಿಗೆ ಬಿಗಿದು ಕಟ್ಟಿದ ಬೆಲ್ಟು. ಹೆಸರಿಟ್ಟವರನ್ನು ದೂರುವ ಹಾಗಿರಲಿಲ್ಲ. ಸಂಬಳದ ಚೀಟಿಯಲ್ಲಿ ಬೇರೊಂದು ಹೆಸರಿತ್ತು, ಅದು ಅವನಿಗೇ ತಿಂಗಳಿಗೊಮ್ಮೆ ನೆನಪಾಗುತ್ತಿತ್ತು. ಹನ್ನೊಂದು ವರ್ಷದಿಂದ ಗೋದಾಮಿನಲ್ಲಿ ಪಾರ್ಸಲ್ ಇಳಿಸಿಕೊಳ್ಳುವ ಕೆಲಸ. ಫುಟ್‌ಬಾಲಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದೇ ಒಂದು, ವರ್ಗ.

ಹೆಂಡತಿ ಆ ಇನ್ನೊಂದು ಶಾಖೆಯ ಊರಿನಲ್ಲಿ ಶಾಲೆಯ ಟೀಚರು. ನಾಲ್ಕು ವರ್ಷದ ಮಗಳು ಅವಳ ಜೊತೆಗೆ. ಪೊಟ್ಟಣ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಮುಖ ತೋರಿಸಿ ಬರುತ್ತಿದ್ದ. ಹೋದ ಸಲ ಬಾಗಿಲು ತೆರೆದ ಮಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಳಗೆ ತಿರುಗಿ, "ಅಮ್ಮಾ, ಯಾರೋ ಬಂದಿದಾರೆ" ಅಂದಿದ್ದಳು. ಆಗ ಪೊಟ್ಟಣ ನಕ್ಕಿದ್ದ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು ಅತ್ತಿದ್ದ.

ನಾಲ್ಕು ವರ್ಷದಿಂದ ಹಾಕಿದ ಅರ್ಜಿಗಳಿಗೆ ಈಗ ಕಾಲ ಕೂಡಿ ಬಂದಿತ್ತು. ಆ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅಲ್ಲಿಯ ಮ್ಯಾನೇಜರು ಮೇಡಂ ಒಪ್ಪಿ, ಸೈನ್ ಹಾಕಿ, ಮ್ಯಾಚಿಗೆ ಬರುವಾಗ ಕಾಗದವನ್ನು ಕೈಯಲ್ಲೇ ತಂದಿದ್ದರು. ಇಲ್ಲಿಯ ಮ್ಯಾನೇಜರೂ ಒಂದು ಸೈನ್ ಎಳೆದು ಸಂಜೆ ಐದರೊಳಗೆ ಫೋನಿನಲ್ಲಿ ಅದರ ಫೋಟೋ ಹೆಡ್ಡಾಫೀಸಿಗೆ ಕಳಿಸಿದರೆ ಮುಗಿಯಿತು. ಐದು ದಾಟಿದರೆ ಪಟ್ಟಿ ಮುಚ್ಚುತ್ತದೆ. ಆಮೇಲೆ ಇನ್ನೆರಡು ವರ್ಷ ಯಾರ ಕಾಲು ಹಿಡಿದರೂ ಆಗುವುದಿಲ್ಲ.

"ಹಾಕ್ತೀನಿ ಕಣಯ್ಯಾ, ಯಾಕೆ ಹೀಗೆ ಪ್ರಾಣ ತಿಂತೀಯ?" ಎಂದರು ಮ್ಯಾನೇಜರು, ಕಾಗದವನ್ನು ಅಂಗಿಯ ಜೇಬಿಗೆ ಸೇರಿಸುತ್ತ. "ನೀನು ಹೋದ್ರೆ ನಮ್ಮ ತಲೆ ಮೇಲೇನು ಆಕಾಶ ಬೀಳಲ್ಲ. ಮ್ಯಾಚ್ ಮುಗೀಲಿ. ಆ ಬೆರಳಿನವನ ಬದಲಿಗೆ ನೀನು ನಿಂತ್ಕೋ."

"ಸಾರ್, ನನಗೆ ಆಟ ಬರಲ್ಲ."

"ನಿನ್ನನ್ನ ಆಡು ಅಂದ್ನಾ? ನಿಂತ್ಕೋ ಅಂದೆ."

ಅದೇ ಹೊತ್ತಿಗೆ ಕೌಂಟರಿನ ಹಿಂದೆ ಕ್ಯಾಷಿಯರಿಗೂ ಬುಕಿಂಗ್ ಗುಮಾಸ್ತನಿಗೂ ಜಗಳ ಹತ್ತಿತ್ತು. ಹೊಸದೇನಲ್ಲ. ಸಮುದ್ರದಾಚೆಯ ಎರಡು ಫುಟ್‌ಬಾಲ್ ತಂಡಗಳಿಗಾಗಿ ಇವರಿಬ್ಬರೂ ಹತ್ತು ವರ್ಷದಿಂದ ಇಲ್ಲಿ ಮುಖ ಕೆಡಿಸಿಕೊಂಡಿದ್ದರು. ಆ ತಂಡಗಳಿಗೆ ಇದರ ಸುದ್ದಿಯೇ ಇರಲಿಲ್ಲ.

"ರೆಫರಿ ವಿಡಿಯೋ ನೋಡೋಕೆ ಶುರು ಮಾಡಿದ್ಮೇಲೆ ಆಟ ಸತ್ತೋಯ್ತು" ಎಂದು ಕ್ಯಾಷಿಯರು ನೋಟಿನ ಕಟ್ಟನ್ನು ಮೇಜಿಗೆ ಕುಟ್ಟಿದರು. "ಗೋಲ್ ಹೊಡೆದ್ರೆ ಖುಷಿಪಡೋಕೂ ಅರ್ಜಿ ಹಾಕಿ ನಾಲ್ಕು ನಿಮಿಷ ಕಾಯ್ಬೇಕು."

"ತಪ್ಪು ತಪ್ಪೇ ಸಾರ್" ಎಂದ ಗುಮಾಸ್ತ, ಊದಿದ ಬೆರಳನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು. "ಮೂಗಿನ ತುದಿ ಮುಂದಿದ್ರೂ ಆಫ್‌ಸೈಡೇ. ಕಣ್ಣು ಸುಳ್ಳು ಹೇಳುತ್ತೆ, ಕ್ಯಾಮೆರಾ ಹೇಳಲ್ಲ."

"ಅದಿರ್ಲಿ, ನಿಮ್ಮವರು ಗೋಲ್ ಹೊಡೆಯೋ ಆ ಸ್ಟ್ರೈಕರ್‌ಗೆ ಸುರಿದಿರೋ ದುಡ್ಡು ನೋಡು. ಆ ದುಡ್ಡಲ್ಲಿ ನಮ್ಮ ಕಂಪನೀನ ವ್ಯಾನುಗಳ ಸಮೇತ ನಾಲ್ಕು ಸಲ ಕೊಂಡ್ಕೋಬಹುದು."

"ಆಟಗಾರನ ಬೆಲೆ ನಿಮಗೆ ಹೇಗೆ ಗೊತ್ತಾಗ್ಬೇಕು?"

"ಹಾಗಾದ್ರೆ ಈ ಪೊಟ್ಟಣನ ಬೆಲೆ ಎಷ್ಟು, ಹೇಳು ನೋಡೋಣ."

ಗುಮಾಸ್ತ ಪೊಟ್ಟಣನನ್ನು ತೂಗುವ ಹಾಗೆ ನೋಡಿದ. "ಇವನನ್ನ ಆ ಕಡೆಯವರು ಒಪ್ಕೋಬೇಕು ಅಂದ್ರೆ ಜೊತೆಗೆ ಟೇಬಲ್ ಫ್ಯಾನೊಂದು ಕೊಡ್ಬೇಕಾಗುತ್ತೆ."

ಎಲ್ಲರೂ ನಕ್ಕರು. ಪೊಟ್ಟಣನೂ ನಕ್ಕ. ತನಗೆ ಬೆಲೆ ಇಲ್ಲ ಎನ್ನುವುದು ಅವನಿಗೆ ಅಂದು ದೊಡ್ಡ ಸಮಾಧಾನದ ಸಂಗತಿಯಾಗಿತ್ತು.

ಎರಡು ಗಂಟೆಗೆ ಆಟ ಶುರುವಾಯಿತು. ರೆಫರಿ ವ್ಯಾನಿನ ಡ್ರೈವರು. ಎರಡು ಶಾಖೆಗಳ ನಡುವೆ ಗಾಡಿ ಓಡಿಸುವವನಾದ್ದರಿಂದ ಅವನು ಯಾರ ಕಡೆಯವನೂ ಅಲ್ಲ ಎಂದು ಎರಡೂ ಕಡೆಯವರು ಒಪ್ಪಿದ್ದರು. ಎರಡೆರಡು ತಳ್ಳುಗಾಡಿ ನಿಲ್ಲಿಸಿ ಗೋಲು ಮಾಡಿದ್ದರು. ನಮ್ಮ ಕಡೆಯ ಗೋಲ್‌ಕೀಪರು ಗೇಟಿನ ಕಾವಲುಗಾರ. ಗೇಟಿನಲ್ಲೂ ಅವನು ಯಾರನ್ನೂ ತಡೆದವನಲ್ಲ. ಮೊದಲ ಅರ್ಧದಲ್ಲೇ ಎರಡು ಚೆಂಡನ್ನು ಮರ್ಯಾದೆಯಿಂದ ಒಳಗೆ ಬಿಟ್ಟುಕೊಂಡ. ಕ್ಯಾಷಿಯರು ಹೇಗೋ ಏದುಸಿರು ಬಿಡುತ್ತ ಎರಡು ಗೋಲು ತೀರಿಸಿ ಸಮ ಮಾಡಿದರು.

ಪೊಟ್ಟಣ ಎದುರು ತಂಡದ ಗೋಲಿನ ಬಳಿ, ತೂಕದ ಯಂತ್ರದ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದ. ಆಟ ಮುಗಿಯಲು ಒಂದು ನಿಮಿಷವಿತ್ತು. ಆಗ ಕ್ಯಾಷಿಯರು ಕೊನೆಯ ಶಕ್ತಿಯನ್ನೆಲ್ಲ ಸೇರಿಸಿ ಚೆಂಡನ್ನು ಒದ್ದರು. ಅದು ಗೋಲಿಗೆ ಹೋಗುವ ಯಾವ ಲಕ್ಷಣವೂ ಇರಲಿಲ್ಲ. ನೇರ ಪೊಟ್ಟಣನ ಮೂಗಿನ ಕಡೆ ಬಂತು. ಏನೋ ಆಯಿತು. ಪೊಟ್ಟಣ ಕಣ್ಣು ಬಿಟ್ಟಾಗ ಚೆಂಡು ತಳ್ಳುಗಾಡಿಗಳ ನಡುವೆ ಗೋಲಿನೊಳಗೆ ಉರುಳುತ್ತಿತ್ತು.

ಅಂಗಳ ಹಾರಿಹೋಗುವ ಹಾಗೆ ಕೂಗು. ಕ್ಯಾಷಿಯರು ಓಡಿ ಬಂದು ಅವನನ್ನು ತಬ್ಬಿದರು. ಹನ್ನೊಂದು ವರ್ಷದಲ್ಲಿ ಅವರು ಪೊಟ್ಟಣನ ಹೆಗಲ ಮೇಲೆ ಕೈ ಹಾಕಿದ್ದೂ ಇಲ್ಲ. ಕುಂಟುತ್ತ ಬಂದ ಗುಮಾಸ್ತ, "ಏನು ಹೆಡ್ಡಿಂಗು! ಏನು ಹೆಡ್ಡಿಂಗು!" ಎಂದು ಅವನ ಹಣೆಯನ್ನು ಮುಟ್ಟಿ ಮುಟ್ಟಿ ನೋಡಿದ.

"ಹ್ಯಾಂಡ್‌ಬಾಲ್! ಕೈಗೆ ತಾಗಿದೆ!" ಎಂದು ಎದುರು ತಂಡದ ಕೀಪರು ಅರಚಿದ.

ಡ್ರೈವರಿಗೆ ಏನೂ ಕಂಡಿರಲಿಲ್ಲ. ಅವನು ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದ. ಅಂದರೆ ವಿಡಿಯೋ ನೋಡಬೇಕು. ಅಂಗಳದಲ್ಲಿ ಕಳ್ಳರಿಗಾಗಿ ಹಾಕಿಸಿದ ನಾಲ್ಕು ಕ್ಯಾಮೆರಾ ಇದ್ದವು, ಅವುಗಳ ಪರದೆ ಮ್ಯಾನೇಜರ ಕೋಣೆಯಲ್ಲಿ. ಹನ್ನೆರಡು ಬೆವರಿದ ಮೈಗಳು, ಇಬ್ಬರು ಮ್ಯಾನೇಜರು, ಒಬ್ಬ ರೆಫರಿ, ಒಂದು ಊದಿದ ಬೆರಳು ಎಲ್ಲ ಆ ಸಣ್ಣ ಕೋಣೆಗೆ ನುಗ್ಗಿದವು.

ಪೊಟ್ಟಣ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ: "ಸಾರ್, ಮ್ಯಾಚ್ ಮುಗೀತಲ್ಲ. ಆ ಕಾಗದ..."

ಮ್ಯಾನೇಜರು ಅವನತ್ತ ತಿರುಗಿದರು. ಆ ಕಣ್ಣಿನಲ್ಲಿ ಅವನು ಎಂದೂ ಕಾಣದ ಪ್ರೀತಿಯಿತ್ತು.

"ಯಾವ ಕಾಗದ? ಐದು ಸಲ ಸೋತ್ಮೇಲೆ ಸಿಕ್ಕಿರೋ ಸ್ಟ್ರೈಕರು ನೀನು. ನಿನ್ನನ್ನ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಬೆಳಿಗ್ಗೆ ಒಪ್ಪಿದ್ರಲ್ಲ ಸಾರ್" ಎಂದರು ಆ ಶಾಖೆಯ ಮೇಡಂ.

"ಬೆಳಗಿನ ಬೆಲೆ ಬೇರೆ ಮೇಡಂ, ಈಗಿನ ಬೆಲೆ ಬೇರೆ. ಬೇಕಾದ್ರೆ ನಿಮ್ಮ ಹೊಸ ಎಲೆಕ್ಟ್ರಾನಿಕ್ ತಕ್ಕಡಿ, ಎರಡು ತಳ್ಳುಗಾಡಿ, ಎಡಗಾಲಲ್ಲಿ ಒದೆಯೋ ಆ ಲೋಡರು, ಮೂರನ್ನೂ ಕೊಡಿ. ಸೈನ್ ಹಾಕ್ತೀನಿ."

"ಕಮ್ಮಿಯಾಯ್ತು ಸಾರ್" ಎಂದು ಗುಮಾಸ್ತ ನಡುವೆ ಬಾಯಿ ಹಾಕಿದ. "ಆಡಿದ್ದು ಒಂದು ಮ್ಯಾಚು, ಹೊಡೆದದ್ದು ಒಂದು ಗೋಲು. ಅಂದ್ರೆ ಸರಾಸರಿ ಮ್ಯಾಚಿಗೊಂದು. ಪ್ರಪಂಚದಲ್ಲಿ ಎಷ್ಟು ಜನಕ್ಕಿದೆ ಈ ಸರಾಸರಿ?"

"ತಕ್ಕಡಿ ಕಂಪನಿದು, ನಮ್ಮಪ್ಪನ ಮನೇದಲ್ಲ" ಎಂದರು ಮೇಡಂ ಸಿಟ್ಟಿನಿಂದ. "ನನಗೆ ಬೇಕಾಗಿರೋದು ಪಾರ್ಸಲ್ ಇಳಿಸೋನು. ಸ್ಟ್ರೈಕರನ್ನ ಕಟ್ಕೊಂಡು ನಾನೇನು ಮಾಡ್ಲಿ?"

ಅಷ್ಟರಲ್ಲಿ ಪೊಟ್ಟಣನ ಫೋನು ಹೊಡೆದುಕೊಂಡಿತು. ಹೆಂಡತಿ.

"ರೀ, ಸೈನ್ ಆಯ್ತಾ? ಇವಳು ನಿಮ್ಮ ಚಪ್ಪಲಿ ಇಡೋಕೆ ಅಂತ ಬಾಗಿಲ ಹತ್ರ ತನ್ನ ಬೂಟೆಲ್ಲ ಸರಿಸಿ ಜಾಗ ಮಾಡಿದಾಳೆ. ಯಾರೂ ಅಲ್ಲಿ ಕಾಲಿಡೋ ಹಾಗಿಲ್ಲ."

"ಇನ್ನೂ ಆಗಿಲ್ಲ ಕಣೇ."

"ಯಾಕೆ? ಏನಾಯ್ತು?"

"ಗೋಲ್ ಹೊಡೆದ್ಬಿಟ್ಟೆ" ಎಂದ ಪೊಟ್ಟಣ. ಆ ಕಡೆ ಅವಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆಮೇಲೆ ಮಾಡ್ತೀನಿ ಎಂದು ಅವನು ಫೋನು ಇಟ್ಟ.

ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು. ಪೊಟ್ಟಣನಿಗೆ ದಾರಿ ಕಂಡಿತು. ಗೋಲು ರದ್ದಾಗಬೇಕು. ಗೋಲು ಹೋದರೆ ಬೆಲೆ ಹೋಗುತ್ತದೆ, ಬೆಲೆ ಹೋದರೆ ಸೈನ್ ಬೀಳುತ್ತದೆ. ಅವನು ಜನರನ್ನು ತಳ್ಳಿಕೊಂಡು ಮುಂದೆ ಹೋದ.

"ಸಾರ್, ಅವರು ಹೇಳೋದು ನಿಜ. ಕೈಗೇ ತಾಗಿದ್ದು."

ಕ್ಯಾಷಿಯರ ಕಣ್ಣಲ್ಲಿ ನೀರು ಬಂತು. "ನೋಡಿ, ದೊಡ್ಡ ಆಟಗಾರರ ಗುಣವೇ ಇದು. ಹೊಗಳಿಕೆ ಬೇಡವಂತೆ."

"ವಿನಯ ಅಲ್ಲ ಸಾರ್, ನಿಜವಾಗ್ಲೂ ಕೈ!"

"ಸಾಕು ಸುಮ್ನಿರೋ. ನಿನಗೇನು ಗೊತ್ತು? ನೀನು ಕಣ್ಣು ಮುಚ್ಚಿದ್ದೆ" ಎಂದು ಮ್ಯಾನೇಜರು ಗದರಿದರು.

ಗುಮಾಸ್ತ ವಿಡಿಯೋ ಹಾಕಿದ. ಒಂದನೇ ಕ್ಯಾಮೆರಾದಲ್ಲಿ ಪೊಟ್ಟಣನ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೆಯದರಲ್ಲಿ ಬಹಳ ದಿನದಿಂದ ಸಂಸಾರ ಹೂಡಿದ್ದ ಜೇಡವೊಂದು ಪರದೆಯ ತುಂಬ ಓಡಾಡಿತು. ಮೂರನೆಯದು ಬೀದಿಯ ಕಡೆ ತಿರುಗಿತ್ತು. ಅಲ್ಲಿ ಒಬ್ಬರು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ನಾಲ್ಕನೆಯದು ಸರಿಯಾದ ಜಾಗ ನೋಡುತ್ತಿತ್ತು. ಆದರೆ ನಡುವೆ ಗೋದಾಮಿನ ಕಂಬ. ಪೊಟ್ಟಣನ ತಲೆ ಕಾಣುತ್ತಿತ್ತು, ಕಾಲು ಕಾಣುತ್ತಿತ್ತು, ಕೈಯಿರಬೇಕಾದಲ್ಲಿ ಕಂಬವಿತ್ತು.

ಇಪ್ಪತ್ತು ಸಲ ನೋಡಿದರು. ನಿಧಾನ ಮಾಡಿ ನೋಡಿದರು. ಹಿಂದಕ್ಕೆ ಓಡಿಸಿದರು. ಹಿಂದಕ್ಕೆ ಓಡಿಸಿದಾಗ ಚೆಂಡು ಗೋಲಿನಿಂದ ಹೊರಬಂದು ಪೊಟ್ಟಣನ ಮೂಗಿನ ಬಳಿ ಹೋಗಿ ಕ್ಯಾಷಿಯರ ಕಾಲಿಗೆ ಸೇರುತ್ತಿತ್ತು. ಪೊಟ್ಟಣನಿಗೆ ಅದೇ ನಿಜವಾಗಬಾರದೇ ಅನ್ನಿಸಿತು.

"ಏನೂ ಸ್ಪಷ್ಟ ಇಲ್ಲ" ಎಂದ ಗುಮಾಸ್ತ. "ಈ ಕ್ಯಾಮೆರಾಗಳನ್ನ ನಂಬಿ ಕೂತ್ರೆ ಆಟ ಉಳಿಯಲ್ಲ. ಗೋಲು ಕೊಡಿ."

"ಬೆಳಿಗ್ಗೆ ಕ್ಯಾಮೆರಾ ಸುಳ್ಳು ಹೇಳಲ್ಲ ಅಂದ್ರಲ್ಲ?" ಎಂದು ಪೊಟ್ಟಣ ಅಂಗಲಾಚಿದ.

"ಅದು ಒಳ್ಳೆ ಕ್ಯಾಮೆರಾ ವಿಷಯ."

"ಛೆ, ಛೆ, ವಿಡಿಯೋ ಅಂದ್ರೆ ಹೀಗಿರ್ಬೇಕು" ಎಂದರು ಕ್ಯಾಷಿಯರು, ಜೀವಮಾನದಲ್ಲಿ ಮೊದಲ ಸಲ. "ಎಷ್ಟು ನ್ಯಾಯವಾಗಿದೆ ನೋಡಿ!"

ನಾಲ್ಕೂಕಾಲಾಯಿತು. ಡ್ರೈವರು ಸೀಟಿಯನ್ನು ಬಾಯಿಗಿಟ್ಟು ಗೋಲು ಕೊಡಲು ಹೊರಟ. ಪೊಟ್ಟಣ ಅವನ ಕೈ ಹಿಡಿದುಕೊಂಡ.

"ಅಣ್ಣಾ, ನೀನಾದ್ರೂ ಹೇಳು! ದಿನಾ ಬೆಳಿಗ್ಗೆ ವ್ಯಾನಿನ ಮೇಲಿಂದ ನೀನು ಪಾರ್ಸಲ್ ಎಸೀತೀಯ. ಕೆಳಗೆ ನಿಂತು ಹಿಡಿಯೋದು ಯಾರು?"

"ನೀನು."

"ಎಷ್ಟು ವರ್ಷದಿಂದ?"

"ಹನ್ನೊಂದು."

"ಒಂದಾದ್ರೂ ಕೆಳಗೆ ಬಿದ್ದಿದ್ಯಾ?"

ಡ್ರೈವರು ಯೋಚಿಸಿದ. "ಇಲ್ಲ. ಗಾಜಿನ ಸಾಮಾನೂ ಬಿದ್ದಿಲ್ಲ."

"ಮತ್ತೆ? ಹಾರ್ಕೊಂಡು ಏನು ಬಂದ್ರೂ ನನ್ನ ಕೈ ನನ್ನನ್ನ ಕೇಳಲ್ಲ ಸಾರ್, ತಾನೇ ಹೋಗುತ್ತೆ. ತಲೆ ಹಾಕೋ ಅಭ್ಯಾಸ ನನಗೆಲ್ಲಿಂದ ಬರ್ಬೇಕು? ನಂಬಿಕೆ ಇಲ್ದಿದ್ರೆ ಏನಾದ್ರೂ ಎಸೆದು ನೋಡಿ!"

ಮೇಡಂ ಮೇಜಿನ ಮೇಲಿದ್ದ ರಬ್ಬರು ಸ್ಟ್ಯಾಂಪನ್ನು ಎಸೆದರು. ಪೊಟ್ಟಣ ಹಿಡಿದ. ಎದುರು ತಂಡದ ಕೀಪರು ಟೇಪಿನ ಸುರುಳಿಯನ್ನು ಅವನ ಎಡಗಿವಿಗೆ ಗುರಿಯಿಟ್ಟ. ಹಿಡಿದ. ಯಾರೋ ಬೆನ್ನ ಹಿಂದಿನಿಂದ ನೀರಿನ ಬಾಟಲಿ ಬಿಟ್ಟರು. ತಿರುಗದೆಯೇ ಕಂಕುಳ ಕೆಳಗೆ ಹಿಡಿದ. ಗುಂಡುಸೂಜಿಯ ಡಬ್ಬಿ, ಅಳತೆಪಟ್ಟಿ, ಕ್ಯಾಷಿಯರ ಕನ್ನಡಕ, ಒಂದೂ ನೆಲ ಕಾಣಲಿಲ್ಲ. ಕೊನೆಗೆ ಪೊಟ್ಟಣ ಎರಡು ಕೈ, ಒಂದು ಕಂಕುಳು, ಗದ್ದದ ಕೆಳಗೆ ಸಾಮಾನು ತುಂಬಿಕೊಂಡು, "ಈಗಲಾದ್ರೂ ನಂಬಿದ್ರಾ?" ಎಂದ.

ಡ್ರೈವರು ಸೀಟಿ ಊದಿದ. "ಹ್ಯಾಂಡ್‌ಬಾಲ್. ಗೋಲು ಇಲ್ಲ. ಮ್ಯಾಚು ಸಮ."

ನಮ್ಮ ಕಡೆಯವರ ಮುಖ ಇಳಿಯಿತು. ಕ್ಯಾಷಿಯರು ಕನ್ನಡಕವನ್ನು ಕಿತ್ತುಕೊಂಡು, "ಮನೆಮುರುಕ" ಎಂದರು. ಗುಮಾಸ್ತ ಅವನ ಬೆಲೆಯನ್ನು ಮತ್ತೆ ಟೇಬಲ್ ಫ್ಯಾನಿಗೆ ಇಳಿಸಿದ. ಪೊಟ್ಟಣನಿಗೆ ಅದೆಲ್ಲ ಆಶೀರ್ವಾದದ ಹಾಗೆ ಕೇಳಿಸಿತು. ನಾಲ್ಕೂವರೆ. ಇನ್ನೂ ಹೊತ್ತಿತ್ತು.

ಮ್ಯಾನೇಜರು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು. ಪೆನ್ನಿನ ಕ್ಯಾಪು ತೆಗೆದರು. ಪೆನ್ನನ್ನು ಕಾಗದಕ್ಕೆ ಮುಟ್ಟಿಸಿದರು. ಆಮೇಲೆ ತಲೆಯೆತ್ತಿ ಪೊಟ್ಟಣನ ಕೈಗಳನ್ನು ನೋಡಿದರು. ಆ ಕೈ ತುಂಬ ಸಾಮಾನಿತ್ತು. ಮೆಲ್ಲಗೆ ಪೆನ್ನಿನ ಕ್ಯಾಪನ್ನು ಹಾಕಿದರು.

"ಕಾವಲುಗಾರ ಇವತ್ತು ಎಷ್ಟು ಗೋಲು ಬಿಟ್ಟ?"

"ಎರಡು ಸಾರ್" ಎಂದ ಗುಮಾಸ್ತ.

"ಹೋದ ಸಲ?"

"ಒಂಬತ್ತು."

"ಮೂರು ವರ್ಷದಿಂದ ಗೋಲ್‌ಕೀಪರ್ ಬೇಕು ಅಂತ ಊರೆಲ್ಲ ಹುಡುಕಿದ್ದೀನಿ" ಎಂದರು ಮ್ಯಾನೇಜರು. "ಇವನು ಹನ್ನೊಂದು ವರ್ಷದಿಂದ ನನ್ನ ಗೋದಾಮಲ್ಲೇ ಇದಾನೆ."

ಪೊಟ್ಟಣ ಹಿಡಿದಿದ್ದನ್ನೆಲ್ಲ ಕೈಬಿಟ್ಟ. ತಡವಾಗಿತ್ತು.

"ಸಾರ್, ಕಾಲು ಹಿಡೀತೀನಿ..."

"ನೋಡಿ, ಕಾಲನ್ನೂ ಹಿಡೀತಾನೆ!" ಎಂದು ಗುಮಾಸ್ತ ಉಬ್ಬಿಹೋದ. "ಕೀಪರಿನ ಬೆಲೆ ಸ್ಟ್ರೈಕರಿಗಿಂತ ಹೆಚ್ಚು ಸಾರ್. ತಕ್ಕಡಿಗೆಲ್ಲ ಕೊಡೋ ಮಾತೇ ಇಲ್ಲ."

ಪೊಟ್ಟಣ ಗೋಡೆಗೆ ಒರಗಿ ಅಲ್ಲೇ ಕುಸಿದು ಕೂತ. ಆ ಮುಖ ನೋಡಿ ಮೇಡಂಗೆ ಕರುಳು ಚುರುಕ್ಕೆಂದಿತು. ಅವರು ಮ್ಯಾನೇಜರ ಗುಣವನ್ನು ಬಲ್ಲವರು. "ಆಫೀಸಿನ ಕೋಣೇಲಿ ರಬ್ಬರ್ ಸ್ಟ್ಯಾಂಪ್ ಹಿಡಿದೋನೆಲ್ಲ ಕೀಪರಾ ಸಾರ್? ಧೈರ್ಯ ಇದ್ರೆ ಪಂದ್ಯ ಕಟ್ಟಿ. ಐದು ಪೆನಾಲ್ಟಿ. ಐದನ್ನೂ ಹಿಡಿದ್ರೆ ನಿಮ್ಮವನು. ಒಂದೇ ಒಂದು ಒಳಗೆ ಹೋದ್ರೂ ಸೈನ್ ಹಾಕಿ ನನಗೆ ಕೊಡ್ಬೇಕು."

ಪಂದ್ಯ ಎಂದ ಮೇಲೆ ಮ್ಯಾನೇಜರು ಹಿಂದೆ ಸರಿಯುವವರಲ್ಲ. "ಆಯ್ತು!" ಎಂದು ಮೇಜು ಗುದ್ದಿದರು.

ಪೊಟ್ಟಣನಿಗೆ ಹೋದ ಜೀವ ಬಂತು. ಐದರಲ್ಲಿ ಒಂದನ್ನು ಬಿಡುವುದು. ಹಿಡಿಯಬೇಕಾಗಿಲ್ಲ, ಏನೂ ಮಾಡದೆ ನಿಂತರೆ ಸಾಕು. ಆ ಕೆಲಸ ಮಾಡಲಾಗದವನು ಭೂಮಿಯ ಮೇಲೆ ಯಾರಿದ್ದಾನೆ?

ನಾಲ್ಕೂಮುಕ್ಕಾಲಕ್ಕೆ ಅವನು ತಳ್ಳುಗಾಡಿಗಳ ನಡುವೆ ನಿಂತ. ಎಡಗಾಲಿನ ಲೋಡರು ಮೊದಲನೆಯದನ್ನು ಒದ್ದ. ಬಿಡಬೇಕು, ಬಿಡಬೇಕು ಎಂದುಕೊಳ್ಳುತ್ತಿದ್ದಂತೆಯೇ ಚೆಂಡು ಅವನ ಕೈಯಲ್ಲಿತ್ತು. ಎರಡನೆಯದಕ್ಕೆ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡ. ಯಾವಾಗ ಬಿಚ್ಚಿಕೊಂಡವೋ ದೇವರಿಗೇ ಗೊತ್ತು. ಮೂರನೆಯದಕ್ಕೆ, ಚೆಂಡು ಬರುವ ಮೊದಲೇ ಬಲಕ್ಕೆ ದೊಪ್ಪನೆ ಬಿದ್ದುಬಿಟ್ಟ. ಹಾಳಾದ ಲೋಡರು ಬಲಕ್ಕೇ ಒದ್ದಿದ್ದ. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿಕೊಂಡ. ಕೈಗಳು ಸದ್ದು ಕೇಳಿಕೊಂಡು ಹೋದವು. ಒಂದೊಂದಕ್ಕೂ ನಮ್ಮ ಕಡೆಯವರು ಕುಣಿದರು. ಪೊಟ್ಟಣ ತನ್ನ ಕೈಗಳನ್ನು ತಾನೇ ಹೊಡೆದುಕೊಂಡ.

ಐದನೆಯದು ಉಳಿದಿತ್ತು. ಲೋಡರಿಗೆ ಕಾಲು ಉಳುಕಿತು. ಆಗ ಡ್ರೈವರು ಮುಂದೆ ಬಂದ. "ಇದನ್ನ ನಾನು ಹೊಡೀತೀನಿ." ಚೆಂಡನ್ನು ಇಡುವ ನೆಪದಲ್ಲಿ ಪೊಟ್ಟಣನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: "ಎಡಗಡೆ ಮೂಲೆಗೆ ಮೆತ್ತಗೆ ಉರುಳಿಸ್ತೀನಿ. ಕೈ ಎರಡೂ ಜೇಬಲ್ಲಿ ಇಟ್ಕೋ. ಆ ಕಡೆ ನೋಡಲೇಬೇಡ. ಹೋಗಿ ಮಗಳ ಜೊತೆ ಇರು ಮಾರಾಯ."

ಪೊಟ್ಟಣನ ಕಣ್ಣು ತುಂಬಿ ಬಂತು. ಎರಡು ಕೈಗಳನ್ನೂ ಪ್ಯಾಂಟಿನ ಜೇಬಿನ ತಳದವರೆಗೆ ಇಳಿಸಿದ, ಒಳಗೆ ಮುಷ್ಟಿ ಕಟ್ಟಿದ, ಬಲಗಡೆಯ ಗೋಡೆಯನ್ನು ನೋಡುತ್ತ ನಿಂತ. ಚಪ್ಪಲಿಯ ಜಾಗವೊಂದನ್ನೇ ನೆನೆದ. ಈ ಸಲ ಕೈಗಳು ಅಲುಗಲಿಲ್ಲ. ಮಾತು ಕೇಳಿದವು.

ಡ್ರೈವರು ಮಾತು ಕೊಟ್ಟ ಹಾಗೆಯೇ ಚೆಂಡನ್ನು ಎಡ ಮೂಲೆಗೆ ಮೆತ್ತಗೆ ಉರುಳಿಸಿದ. ಆದರೆ ಹನ್ನೊಂದು ವರ್ಷದಿಂದ ಪೊಟ್ಟಣನ ಕಡೆ ಏನನ್ನು ಬಿಟ್ಟರೂ ಜೊತೆಗೆ ಕೂಗುವ ಕೂಗೊಂದು ಅವನ ಬಾಯಿಗೆ ಅಂಟಿತ್ತು. ವ್ಯಾನಿನ ಮೇಲಿಂದ ದಿನಕ್ಕೆ ಇನ್ನೂರು ಸಲ ಕೂಗುವುದು. ಚೆಂಡು ಕಾಲು ಬಿಟ್ಟಿತು, ಕೂಗೂ ಅವನ ಬಾಯಿ ಬಿಟ್ಟಿತು.

"ಹಿಡಿಯೋ!"

ಪ್ಯಾಂಟಿನ ಜೇಬುಗಳೆರಡೂ ಪರ್ರನೆ ಹರಿದವು. ಅಂಗಳದ ತುಂಬ ಕೂಗೆದ್ದಿತು. ಕ್ಯಾಷಿಯರು, ಗುಮಾಸ್ತ, ಕಾವಲುಗಾರ ಎಲ್ಲ ಓಡಿ ಬರುತ್ತಿದ್ದರು. ಡ್ರೈವರು ಎರಡು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕೂತಿದ್ದ. ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ಪೊಟ್ಟಣನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಎತ್ತಲಿಲ್ಲ. ಎತ್ತಲು ಕೈ ಖಾಲಿಯಿರಲಿಲ್ಲ.